ಮಗ್ಗದ ಮನೆ

ಪವಿತ್ರಳಿಗೆ ಅತ್ತೆಯ ಮೇಲೆ ಸಿಟ್ಟು ಬಂದು ವರ್ಷದ ಮೇಲಾಗಿತ್ತು. ಅದು ಆರುವ ಲಕ್ಷಣವೇ ಕಾಣುತ್ತಿರಲಿಲ್ಲ. ಕಾರಣ ಒಂದೇ ಒಂದು ಮಾತು.

ಹಿಂದಿನ ಮಳೆಗಾಲದಲ್ಲಿ ದೊಡ್ಡಬಳ್ಳಾಪುರದ ಅವರ ಮನೆಯ ಹಿಂಬದಿಯ ಕೋಣೆ ಗೋಡೆ, ಶೀಟು ಸಮೇತ ಕುಸಿದು ಬಿತ್ತು. ಮಗಳು ರಮ್ಯಳ ಮಂಚ ಇದ್ದದ್ದು ಅಲ್ಲೇ. ಹುಡುಗಿ ಆಗ ಟ್ಯೂಷನ್ನಿಗೆ ಹೋಗಿದ್ದಳು, ದೇವರು ದೊಡ್ಡವನು. ಮನೆಗೆ ವಿಮೆ ಇದೆಯಲ್ಲ, ಯಾಕೆ ಹೆದರ್ತೀಯಾ ಎಂದು ಗಂಡ ಭೀಮರಾಜ್ ಧೈರ್ಯ ಹೇಳಿದ. ಆದರೆ ವಿಮೆ ಕಂಪನಿಯ ಸರ್ವೇಯರ್ ಬಂದ ದಿನ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಬಾಗಿಲು ತೆಗೆದವಳು ಅತ್ತೆ ಅಕ್ಕಯಮ್ಮ.

"ಅಡುಗೆ ಮನೆಗೆ ಏನೂ ಆಗಿಲ್ಲ ಸ್ವಾಮಿ, ದೇವ್ರ ಮನೇನೂ ನೆಟ್ಟಗೈತೆ. ಮಗ್ಗದ ಮನೆ ಮಾತ್ರ ಬಿದ್ದೋಯ್ತು," ಎಂದಿದ್ದಳು ಅವಳು.

ಮಗ್ಗ ಎಲ್ಲಿತ್ತು, ಮಣ್ಣು! ಮಾವ ಆವಲಪ್ಪ ತೀರಿಕೊಂಡ ವರ್ಷವೇ ಅದನ್ನು ಮಾರಿಯಾಗಿತ್ತು. ಮಗ್ಗ ಹೋದರೂ ಕೋಣೆಯ ಹೆಸರು ಹೋಗಿರಲಿಲ್ಲ, ಅಷ್ಟೇ. ಆ ಪುಣ್ಯಾತ್ಮ ಸರ್ವೇಯರ್ ಬರೆದುಕೊಂಡದ್ದು ಕೊನೆಯ ಮಾತು ಮಾತ್ರ. ವಿಮೆ ಇರುವುದು ವಾಸದ ಮನೆಗೆ, ಬಿದ್ದಿರುವುದು ಮಗ್ಗದ ಕಾರ್ಖಾನೆ, ನಿಜ ಮುಚ್ಚಿಟ್ಟು ಮೋಸ ಮಾಡಿದ್ದೀರಿ ಎಂದು ಕಂಪನಿ ಹಣ ಕೊಡದೆ ಕೈ ಎತ್ತಿಬಿಟ್ಟಿತು. ಮಗ್ಗ ಎಲ್ಲಿದೆ ತೋರಿಸಿ ಎಂದರೆ, ಗೋಡೆ ಬಿದ್ದ ಮೇಲೆ ಸಾಗಿಸಿದ್ದೀರಿ ಎಂದರು.

"ಬಿಟ್ಟಾಕು, ದೊಡ್ಡೋರ ಸಹವಾಸ ನಮಗ್ಯಾಕೆ?" ಎಂದ ಭೀಮರಾಜ್. ಪವಿತ್ರ ಬಿಡುವವಳಲ್ಲ. ಹಟ ಹಿಡಿದು ಗ್ರಾಹಕರ ಆಯೋಗದಲ್ಲಿ ಕೇಸು ಹಾಕಿಸಿದಳು. ಕೋಣೆ ಹೋದದ್ದಕ್ಕಿಂತ ಮೋಸಗಾರರು ಅನ್ನಿಸಿಕೊಂಡದ್ದು ಅವಳ ಹೊಟ್ಟೆ ಉರಿಸುತ್ತಿತ್ತು. ಅದೇ ಉರಿಯಲ್ಲಿ ಒಂದು ದಿನ ಅತ್ತೆಗೆ, "ಗೋಡೆ ಬಿದ್ದಿದ್ದು ಮಳೆಗಲ್ಲ, ನಿಮ್ಮ ಬಾಯಿಗೆ!" ಅಂದುಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವತ್ತಿನಿಂದ ಅಕ್ಕಯಮ್ಮನ ಬಾಯಿಗೆ ಬೀಗ ಬಿತ್ತು. ಸಾರಿಗೆ ಉಪ್ಪು ಜಾಸ್ತಿಯಾದರೂ "ಚೆನ್ನಾಗೈತೆ" ಎಂದು ಉಂಡು ಏಳುತ್ತಿದ್ದಳು. ಬೈದಿದ್ದರೇ ವಾಸಿಯಿತ್ತು.

ಈಗ ಆಯೋಗದವರು ಸ್ಥಳ ನೋಡಿ ವರದಿ ಕೊಡಲು ಅನಸೂಯ ಎಂಬ ವಕೀಲೆಯನ್ನು ಕಮಿಷನರ್ ಆಗಿ ಕಳಿಸುವವರಿದ್ದರು. ಕೇಸು ನಿಂತಿದ್ದದ್ದೇ ಆ ವರದಿಯ ಮೇಲೆ. ಪವಿತ್ರ ಅತ್ತೆಗೆ ಪಾಠ ಶುರುಮಾಡಿದಳು.

"ರೂಮು ಅನ್ನಿ ಅತ್ತೆ."

"ರೂಮು."

"ಅಪ್ಪಿತಪ್ಪಿ ಮನೆ ಅಂದ್ರೋ, ಈ ಜನ್ಮದಲ್ಲಿ ನಿಮ್ಮತ್ರ ಮಾತಾಡಲ್ಲ."

"ಈಗ ಆಡ್ತಿದೀಯೇನು?" ಎಂದು ಕೇಳಿ ಅಕ್ಕಯಮ್ಮ ಎದ್ದು ಹೋದಳು.

ಅನಸೂಯ ಬಂದರು. ಜೊತೆಗೆ ಕಂಪನಿಯ ವಕೀಲ ರವಿಚಂದ್ರ. ಕೊಟ್ಟ ಕಾಫಿಯನ್ನು ಅವನು ಮುಟ್ಟಲೂ ಇಲ್ಲ. ಬಿದ್ದ ಕೋಣೆಗೆ ಹೊದಿಸಿದ್ದ ಟಾರ್ಪಾಲನ್ನು ಎರಡು ಬೆರಳಲ್ಲಿ ಎತ್ತಿ ಸರಿಸಿದ.

"ಏನಜ್ಜಿ, ಇದು ಏನು?"

"ರೂಮು," ಎಂದಳು ಅಕ್ಕಯಮ್ಮ.

"ಆ ಒಲೆ ಇರೋದು?"

"ಅಡುಗೆ ರೂಮು."

"ಅದು?"

"ದೇವ್ರ ರೂಮು. ಅದರಾಚೆ ಬಚ್ಚಲ ರೂಮು."

ಪವಿತ್ರ ಅತ್ತೆಗೆ ಕಣ್ಸನ್ನೆ ಮಾಡಿದಳು. ಅಯ್ಯೋ, ಮುದುಕಿ ಎಲ್ಲಕ್ಕೂ ರೂಮು ಅಂಟಿಸಿತಲ್ಲ! ಆ ಬಾಯಲ್ಲಿ ದೇವರ ರೂಮು ಎಂದರೆ ಯಾರು ನಂಬುತ್ತಾರೆ?

ರವಿಚಂದ್ರ ನಕ್ಕ. "ಯಾರು ಹೇಳಿಕೊಟ್ಟಿದ್ದಜ್ಜಿ ಇದನ್ನ?"

"ನಮ್ಮ ಸೊಸೆ."

"ಬರ್ಕೊಳ್ಳಿ ಮೇಡಂ. ಗಿಣಿಪಾಠ. ಮೊದಲು ಮಗ್ಗದ ಮನೆ ಅಂದವರು ಈಗ ರೂಮು ಅಂತಿದಾರೆ. ಮೋಸ ಅಂದ್ರೆ ಇನ್ನೇನು?"

ಅನಸೂಯ ಬರೆದುಕೊಂಡರು. ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು ಪವಿತ್ರಳಿಗೆ. ಇಷ್ಟು ದಿನ ಸುಳ್ಳಾಗಿದ್ದ ಆಪಾದನೆಯನ್ನು ತಾನೇ ಕೈಯಾರೆ ನಿಜ ಮಾಡಿಟ್ಟಿದ್ದಳು. ಅತ್ತೆ ನಿಜವನ್ನೇ ಹೇಳಿದ್ದಳು, ಆವತ್ತೂ, ಈವತ್ತೂ.

ಗೆದ್ದ ಠೀವಿಯಲ್ಲಿ ಹಿಂದೆ ತಿರುಗಿದ ರವಿಚಂದ್ರನ ಕಾಲು ರಾತ್ರಿಯ ಮಳೆಗೆ ನೆನೆದಿದ್ದ ಗೋಡೆಯ ಮಣ್ಣಿನಲ್ಲಿ ಜಾರಿತು. ಕೈಯೂರಿ ಎದ್ದ. ಅಂಗೈ, ಮಂಡಿ ಎಲ್ಲ ಕೆಸರು.

"ಥೂ! ಬಚ್ಚಲ ಮನೆ ಎಲ್ಲಮ್ಮಾ?"

ಪವಿತ್ರ ಬಾಯಿ ತೆರೆಯುವ ಮೊದಲೇ ಅಕ್ಕಯಮ್ಮ ಹೇಳಿದಳು: "ಅಷ್ಟೊಂದು ಮನೆ ನಮಗೆಲ್ಲೈತೆ ಸ್ವಾಮಿ? ಇರೋದು ಇದೊಂದೇ ಮನೆ. ರೂಮು ಬೇಕಾದ್ರೆ ತೋರಿಸ್ತೀನಿ."

ಅನಸೂಯರ ಪೆನ್ನು ನಿಂತಿತು. "ರವಿಚಂದ್ರ ಅವ್ರೇ, ಈಗ ಏನು ಕೇಳಿದ್ರಿ?"

"ಕೈ ತೊಳೆಯೋಕೆ, ಮೇಡಂ..."

"ಅದಲ್ಲ. ಏನಂತ ಕೇಳಿದ್ರಿ?"

ಅವನ ಕಿವಿ ಕೆಂಪಾಯಿತು. "ಅದು ಬೇರೆ ಮೇಡಂ. ಮಾತಿಗೆ ಎಲ್ರೂ ಹಾಗೇ ಅಂತೀವಿ."

"ಎಲ್ರೂ ಅಂತೀವಿ. ಸರಿ, ಅದನ್ನೂ ಬರ್ಕೋತೀನಿ." ಅವರು ಮುದುಕಿಯ ಕಡೆ ತಿರುಗಿದರು. "ಹೇಳಿಕೊಟ್ಟಿದ್ದು ಬಿಟ್ಬಿಡಿ ಅಜ್ಜಿ. ಬಿದ್ದಿದ್ದು ಯಾವುದು? ನಿಮ್ಮ ಮಾತಲ್ಲಿ ಹೇಳಿ."

ಅಕ್ಕಯಮ್ಮ ಅವರನ್ನು ನೋಡಲಿಲ್ಲ. ಸೊಸೆಯನ್ನು ನೋಡುತ್ತ ನಿಂತಳು.

"ಹೇಳಿ ಅತ್ತೆ, ನಿಮ್ಮ ಬಾಯಿಗೆ ಬಂದಂಗೇ ಹೇಳಿ. ತಪ್ಪೆಲ್ಲ ನಂದು."

"ಮಗ್ಗದ ಮನೆ," ಎಂದಳು ಅಕ್ಕಯಮ್ಮ, ಬೀದಿಗೆಲ್ಲ ಕೇಳುವಂತೆ. "ನನ್ನ ಮೊಮ್ಮಗಳು ಮಲಗ್ತಿದ್ದ ಮಗ್ಗದ ಮನೆ."

ಆಮೇಲೆ ವಕೀಲನ ಕಡೆ ಕೈ ತೋರಿದಳು. "ಬಚ್ಚಲ ಮನೆ ಅಲ್ಲೈತೆ ಹೋಗಪ್ಪ. ಬಾಗ್ಲು ಗಿಡ್ಡಕ್ಕೈತೆ, ತಲೆ ಬಗ್ಗಿಸ್ಕೊಂಡು ಹೋಗು."

ರವಿಚಂದ್ರ ತಲೆ ಬಗ್ಗಿಸಿಕೊಂಡು ಹೋದ.