ಎಡಗಡೆಯ ಹಿಂದಿನ ಚಕ್ರ

ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಫ್ಯಾನು ರಿಪೇರಿ ಮಾಡುವ ಅವಳನ್ನು ಬೀದಿಯವರೆಲ್ಲ ಮೀಟರಮ್ಮ ಎಂದೇ ಕರೆಯುತ್ತಿದ್ದರು. ಕರೆಂಟು ಅಳೆಯುವ ಪುಟ್ಟ ಮೀಟರು ಅವಳ ಕೈಚೀಲ ಬಿಟ್ಟು ಇಳಿಯುತ್ತಿರಲಿಲ್ಲ. ಅಂಗಡಿಯಿಂದ ತಂದ ಹೊಸ ಸೆಲ್ಲನ್ನೂ ಅಳೆಯದೆ ಗಡಿಯಾರಕ್ಕೆ ಹಾಕಿದವಳಲ್ಲ. ಅಂಥವಳು ಹಿಂದೆಮುಂದೆ ನೋಡದೆ ಕೊಂಡ ಒಂದೇ ವಸ್ತುವೆಂದರೆ ಭಾವನ ಹಳೇ ಕಾರು. ಸ್ವಂತ ಅಕ್ಕನ ಗಂಡ, ಏನಂತ ವಿಚಾರಿಸುವುದು?

ನಾಲ್ಕು ತಿಂಗಳು ಕಾರು ತಕರಾರಿಲ್ಲದೆ ಓಡಿತು. ಆಮೇಲೆ ವೇಗ ತೋರಿಸುವ ಮುಳ್ಳಿನ ಹಿಂದಿನ ಬೆಳಕು ಹೋಯಿತೆಂದು ಗ್ಯಾರೇಜಿಗೆ ಬಿಟ್ಟಳು. ಮಾರನೆಯ ದಿನ ಬೆಳಕೇನೋ ಬಂದಿತ್ತು. ಆದರೆ ಅದರ ಪಕ್ಕದಲ್ಲೇ ಹಳದಿ ದೀಪವೊಂದು ಹೊತ್ತಿಕೊಂಡು, ಮನೆ ತಲುಪಿದರೂ ಆರಲಿಲ್ಲ. ಎಬಿಎಸ್ ಎಂಬ ಮೂರಕ್ಷರ. ಗಕ್ಕನೆ ಬ್ರೇಕು ಒತ್ತಿದಾಗ ಚಕ್ರಗಳು ಕಚ್ಚಿಕೊಂಡು ಕಾರು ಜಾರದಂತೆ ಕಾಯುವ ವ್ಯವಸ್ಥೆ ಕೆಟ್ಟಿದೆ ಎಂದು ಅದರ ಅರ್ಥ.

ಮೀಟರಮ್ಮ ನಿಂತ ಕಾಲಲ್ಲೇ ಗ್ಯಾರೇಜಿಗೆ ವಾಪಸ್ಸು ಹೋದಳು. ನರೆಗಡ್ಡದ ಮೇಸ್ತ್ರಿ ಸ್ಪ್ಯಾನರು ಒರೆಸುತ್ತಲೇ ಹೇಳಿದ, “ಅದರ ಪೆಟ್ಟಿಗೆನೇ ಹೋಗಿರುತ್ತೆ ಅಮ್ಮಾ. ಪೂರ್ತಿ ಬದಲಾಯಿಸ್ಬೇಕು.”

“ನೋಡದೇನೇ ಹೇಳ್ತೀರಲ್ಲ?”

“ಈ ಥರದ ಹಳೇ ಗಾಡೀಲಿ ಅದೇ ಹೋಗೋದು.”

ಅವನು ಹೇಳಿದ ಮೊತ್ತಕ್ಕೆ ಅರ್ಧ ಕಾರೇ ಬರುತ್ತಿತ್ತು. ಮಾತಾಡುವಾಗ ಒಮ್ಮೆಯೂ ಮುಖ ಕೊಟ್ಟು ನೋಡಿರಲಿಲ್ಲ. ತಾನು ಬಿಟ್ಟಾಗ ಇಲ್ಲದ ದೀಪ ಇವನ ಕೈಬಿದ್ದ ಮೇಲೆ ಹೊತ್ತಿದ್ದು ಹೇಗೆ? ಬೇಕಂತಲೇ ಏನನ್ನೋ ಕಿತ್ತಿದ್ದಾನೆ. ‘ನನ್ನ ಕಿವಿಗೇ ಹೂವಿಡೋಕೆ ಬರ್ತಾನೆ’ ಎಂದು ಹಲ್ಲು ಕಡಿಯುತ್ತ ಅವಳು ಹಿಂತಿರುಗಿದಳು.

ಭಾನುವಾರ ಬೆಳಿಗ್ಗೆ ಮನೆಯ ಮುಂದೆ ಜಾಕು ಏರಿಸಿ ಕೂತಳು. ಮೊದಲು ಫ್ಯೂಸು ನೋಡಿದಳು, ಸರಿಯಿತ್ತು. ಬ್ರೇಕ್ ಎಣ್ಣೆಯೂ ಗೆರೆಯವರೆಗಿತ್ತು. ಪ್ರತಿ ಚಕ್ರದ ಹಿಂದೆಯೂ ಅದರ ಓಟ ಗಮನಿಸುವ ಒಂದು ಸೆನ್ಸರು, ಅದರಿಂದ ಒಂದು ತಂತಿ. ಅವಳಿಗೇನು, ಮಿಕ್ಸಿಯ ಸುರುಳಿ ಅಳೆದಂತೆಯೇ. ಮುಂದಿನ ಎರಡರಲ್ಲೂ ಮೀಟರು ಸಾವಿರದ ಆಸುಪಾಸು ತೋರಿಸಿತು. ಬಲಗಡೆಯ ಹಿಂದಿನದರಲ್ಲೂ ಅಷ್ಟೇ. ಎಡಗಡೆಯ ಹಿಂದಿನದರಲ್ಲಿ ಏನೂ ಇಲ್ಲ. ತಂತಿಯನ್ನು ಬೆರಳಲ್ಲಿ ಬಗ್ಗಿಸುತ್ತ ಹೋದಳು. ಒಂದು ಕಡೆ ಬಗ್ಗಿಸಿದಾಗ ಅಂಕಿ ಛಕ್ಕನೆ ಮೂಡಿ ಮಾಯವಾಯಿತು.

“ಸಿಕ್ಕಿಬಿದ್ದೆಯಲ್ಲೋ ಮೇಸ್ತ್ರಿ!” ಎಂದಳು ಗಟ್ಟಿಯಾಗಿ.

ಆದರೆ ಅಲ್ಲಿ ತಂತಿಗೆ ಟೇಪು ಸುತ್ತಿತ್ತು. ಟೇಪಿನ ಮೇಲೆ ಕೆಸರು ಒಣಗಿ ಕಲ್ಲಾಗಿತ್ತು. ಉಗುರಿನಿಂದ ಕೆರೆದರೆ ಪದರಪದರವಾಗಿ ಎದ್ದಿತು. ಇದು ಮೊನ್ನೆಯ ಕೆಲಸವಲ್ಲ, ವರ್ಷಗಳ ಹಿಂದಿನದು. ಹಾಗಿದ್ದರೆ ದೀಪ ಈಗ ಯಾಕೆ ಹೊತ್ತಿತು?

ತಂತಿಯಿಂದ ಕತ್ತರಿಸಿ ತೆಗೆದ ಟೇಪನ್ನು ಸೋಮವಾರ ಕಾಗದದಲ್ಲಿ ಸುತ್ತಿಕೊಂಡು ಹೋಗಿ ಗ್ಯಾರೇಜಿನ ಮೇಜಿನ ಮೇಲಿಟ್ಟಳು. “ನಿಜ ಹೇಳಿ. ಅವತ್ತು ಏನು ಮಾಡಿದ್ರಿ?”

ಮೇಸ್ತ್ರಿ ಟೇಪನ್ನು ನೋಡಿ, ಅವಳನ್ನು ನೋಡಿ, ಕೈಯಲ್ಲಿದ್ದದ್ದನ್ನು ಕೆಳಗಿಟ್ಟ. “ನೀವು ಹೇಳಿದ ಬಲ್ಬು ಹಾಕಿದೆ. ಪಕ್ಕದ ಗೂಡಲ್ಲಿ ಬಲ್ಬೇ ಇರಲಿಲ್ಲ. ಬಿದ್ದುಹೋಗಿರ್ಬೇಕು ಅಂತ ಅಲ್ಲಿಗೂ ಒಂದು ಹಾಕ್ದೆ. ಅದಕ್ಕೆ ನಿಮ್ಮತ್ರ ಏನೂ ತಗೊಂಡಿಲ್ಲವಲ್ಲಮ್ಮಾ!”

“ಅಂದ್ರೆ ದೀಪ ಮೊದಲು ಹೊತ್ತೋದಕ್ಕೆ ಸಾಧ್ಯಾನೇ ಇರಲಿಲ್ಲ?”

“ಯಾರೋ ತೆಗೆದಿಟ್ಟಿದಾರೆ. ದೀಪ ಕಾಣದಿದ್ರೆ ಗಾಡಿ ಬೇಗ ಮಾರಾಟ ಆಗುತ್ತೆ ನೋಡಿ.” ಆಮೇಲೆ ಕತ್ತು ಕೆರೆದುಕೊಂಡ. “ನಾನೂ ಚಕ್ರ ಬಿಚ್ಚಿ ನೋಡ್ಬೇಕಿತ್ತು. ನೋಡಲಿಲ್ಲ. ತಪ್ಪಾಯ್ತು.”

ಮೀಟರಮ್ಮ ಟೇಪನ್ನು ಮತ್ತೆ ಕಾಗದದಲ್ಲಿ ಸುತ್ತಿಕೊಂಡಳು. ನೇರ ಅಕ್ಕನ ಮನೆಯ ದಾರಿ ಹಿಡಿದಳು. ದಾರಿಯುದ್ದಕ್ಕೂ ಅನುಮಾನ ಬೆಳೆಯುತ್ತಲೇ ಹೋಯಿತು. ಭಾವನಿಗೆ ಗೊತ್ತಿತ್ತು. ಹಾಗಾದರೆ ಅಕ್ಕನಿಗೆ? ಕಾರಿನ ಕೀ ಕೈಗಿಡುವಾಗ ಅಕ್ಕ ನಕ್ಕಿದ್ದು ಯಾಕೆ?

ಭಾವ ಪೇಪರು ಓದುತ್ತಿದ್ದ.

“ಭಾವ, ಎಬಿಎಸ್ ದೀಪದ ಬಲ್ಬು ಎಲ್ಲಿ ಹೋಯ್ತು?”

“ಯಾವ ಬಲ್ಬು?” ಎಂದವನು ಪೇಪರು ಕೆಳಗಿಳಿಸಲಿಲ್ಲ. ಅಕ್ಕ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯ ಬಾಗಿಲಿಗೆ ಬಂದಳು. ಮೀಟರಮ್ಮ ಪೇಪರನ್ನು ಅವನ ತೊಡೆಯ ಮೇಲಕ್ಕೆ ಒತ್ತಿ, ಟೇಪನ್ನು ಅದರ ಮೇಲೆಯೇ ಇಟ್ಟಳು.

ಭಾವ ಟೇಪನ್ನು ಬೆರಳಲ್ಲಿ ಪಕ್ಕಕ್ಕೆ ಸರಿಸಿ ಗೊಣಗಿದ, “ಬ್ರೇಕು ಚೆನ್ನಾಗೇ ಹಿಡೀತಿತ್ತು. ಆ ದೀಪ ಸುಮ್ನೆ ತಲೆ ತಿನ್ನೋದು. ಟೇಪು ಸುತ್ತಿಸ್ದೆ, ಆರಲಿಲ್ಲ. ಬಲ್ಬೇ ತೆಗೆಸಿಬಿಟ್ಟೆ. ಮಾರೋವಾಗ ನೆನಪಾಗಲಿಲ್ಲ.”

“ನೆನಪಾಗಲಿಲ್ವೋ, ಹೇಳಲಿಲ್ವೋ?”

ಭಾವ ಉತ್ತರಿಸುವ ಮೊದಲೇ ಅಕ್ಕ ಕೇಳಿದಳು, “ಯಾವಾಗ ತೆಗೆಸಿದ್ದು?”

“ಎರಡು ವರ್ಷ ಆಗಿರ್ಬೇಕು.”

“ಎರಡು ವರ್ಷ ನಾನೂ ಅದರಲ್ಲೇ ಕೂತಿದ್ದೆ,” ಎಂದಳು ಅಕ್ಕ. ಅಷ್ಟೇ. ಕೂಗಲಿಲ್ಲ. ಒಳಗೆ ಹೋಗಿ ಒಲೆ ಆರಿಸಿದ ಸದ್ದು ಕೇಳಿಸಿತು.

ಅಕ್ಕನ ಮೇಲೂ ಅನುಮಾನಪಟ್ಟೆನಲ್ಲ ಎಂದು ಮೀಟರಮ್ಮನಿಗೆ ಮುಖ ಎತ್ತಲಾಗಲಿಲ್ಲ.

ಮುಂದಿನ ಭಾನುವಾರ ಹಳೇ ತಂತಿಯ ಸತ್ತ ಭಾಗ ಕತ್ತರಿಸಿ, ಗೇಣುದ್ದ ಹೊಸ ತಂತಿ ಬೆಸುಗೆ ಹಾಕಿದಳು. ನೀರು ಹೋಗದಂತೆ ಮೇಲೊಂದು ಕೊಳವೆ ಬಿಗಿದಳು. ಖರ್ಚೆಂದು ಹೇಳುವಂಥದ್ದೇನೂ ಬರಲಿಲ್ಲ. ಚಕ್ರ ತಿರುಗಿಸಿ ಪರೀಕ್ಷಿಸಲು ಇನ್ನೊಂದು ಕೈ ಬೇಕಿತ್ತು. ಕರೆಯದೆಯೇ ಬಂದಿದ್ದ ಭಾವ ಬಗ್ಗಿ ಕೂತು ತಿರುಗಿಸಿದ. ಅವಳು ಮೀಟರು ನೋಡುತ್ತ, “ಇನ್ನೂ ಜೋರಾಗಿ,” ಎಂದಳು. ಸಾಕಾಗಿದ್ದರೂ ಇನ್ನೆರಡು ಸಲ ಹಾಗೆಯೇ ಅಂದಳು.

ಕೀ ತಿರುಗಿಸಿದಾಗ ಹಳದಿ ದೀಪ ಹೊತ್ತಿ, ಮೂರು ಎಣಿಸುವಷ್ಟರಲ್ಲಿ ಆರಿತು. ಊರಾಚೆಯ ಖಾಲಿ ಜಾಗದ ಜಲ್ಲಿಯ ಮೇಲೆ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ವೇಗವಾಗಿ ಹೋಗಿ ಬ್ರೇಕು ಒತ್ತಿದಳು. ಪಾದದಡಿ ಪೆಡಲು ಗಡಗಡ ನಡುಗಿತು. ಕಾರು ಅತ್ತಿತ್ತ ತಿರುಗದೆ ನಿಂತಿತು.

“ಇದೇನೇ ಗರಗರ ಸದ್ದು?” ಅಕ್ಕ ಸೀಟು ಹಿಡಿದುಕೊಂಡಳು.

“ಕೆಲಸ ಮಾಡ್ತಿದೆ ಅಂತ ಅರ್ಥ ಕಣೇ.”

ಜಾಗದ ಅಂಚಿನಲ್ಲಿ ಭಾವ ತನ್ನ ಹೊಸ ಕಾರಿನ ಬಾಗಿಲು ತೆರೆದು ಕಾಯುತ್ತಿದ್ದ. ಅಕ್ಕ ಅತ್ತ ನೋಡಿದಳು, ಇಳಿಯಲಿಲ್ಲ.

“ನೀನೇ ಮನೆಗೆ ಬಿಡು,” ಎಂದು ಬೆಲ್ಟು ಇನ್ನಷ್ಟು ಬಿಗಿ ಮಾಡಿಕೊಂಡಳು.