ಮಂಡಿಯ ಕೆಳಗಿನ ದಿಂಬು

ಪಿಯಾ ನರಳಿದರೆ ಪೋಕ್ ಯಾ ಅವರ ಕೈ ತಾನಾಗಿಯೇ ದಿಂಬಿನ ಕಡೆಗೆ ಹೋಗುತ್ತಿತ್ತು. ಹೆಂಡತಿಯ ಬಲಮಂಡಿಯ ಕೀಲು ಬದಲಿಸಿ ಹದಿನಾರು ದಿನವಾಗಿತ್ತು. ಅಪ್ಪಿಕೊಂಡು ಮಲಗುವ ಉರುಟು ದಿಂಬನ್ನು ಅವರು ಆ ಮಂಡಿಯ ಕೆಳಗೆ ಮೆಲ್ಲಗೆ ಸರಿಸಿದರೆ ನರಳಾಟ ನಿಲ್ಲುತ್ತಿತ್ತು. ಪ್ರವಾಹದ ನದಿಯಲ್ಲೂ ದೋಣಿ ನಡೆಸಿದ ಮನುಷ್ಯ; ಹೆಂಡತಿಯ ಕಣ್ಣೀರು ಮಾತ್ರ ನೋಡಲಾರರು.

ಆಸ್ಪತ್ರೆಯಲ್ಲಿ ಕಲಿಸಿದ ವ್ಯಾಯಾಮ ಒಂದು ವಾರದಿಂದ ನಿಂತಿತ್ತು. ನೆರೆಮನೆಯ ಜಾಹ್ ಬೇರೆ ಹೇಳಿದ್ದಳು, "ಕೊಯ್ದ ಮೈ ಅಂದ್ರೆ ಬಾಣಂತಿ ಮೈ ಇದ್ದ ಹಾಗೆ. ನಲವತ್ನಾಲ್ಕು ದಿನ ಅಲ್ಲಾಡ್ಬಾರ್ದು." ಹಾಗೆಂದವಳೇ ಗಾಯ ಬೇಗ ಮಾಯಲೆಂದು ದಿನವೂ ಹಾರುವಾನ್ ಮೀನಿನ ಸಾರು ತಂದುಕೊಡುತ್ತಿದ್ದಳು.

ಆದರೂ ಪೋಕ್ ಯಾಗೆ ಒಳಗೊಳಗೇ ಅಳುಕು. ಕಂಬಗಳ ಮೇಲಿನ ಮನೆ, ಏಳು ಮೆಟ್ಟಿಲು. ಆಸ್ಪತ್ರೆಯಿಂದ ಬಂದ ದಿನ ಪಿಯಾ ತಾನೇ ಹತ್ತಿದ್ದಳು. ಮೊನ್ನೆ ಬಾಗಿಲವರೆಗೆ ಬಂದವಳು ಮೆಟ್ಟಿಲು ನೋಡಿ ಹಿಂದಿರುಗಿದಳು. ಅವಳು ಅಕೋಕ್ ಎಂಬ ಮೊಟ್ಟೆಯ ಸಿಹಿತಿಂಡಿ ಬೇಯಿಸಿ ಮಾರುವ ಒಲೆ ಕೆಳಗೆ ತಣ್ಣಗಿತ್ತು.

ವ್ಯಾಯಾಮಕ್ಕೆ ಆಸ್ಪತ್ರೆಗೆ ಬರುವುದನ್ನು ಪಿಯಾ ಎರಡು ಸಲ ತಪ್ಪಿಸಿಕೊಂಡದ್ದಕ್ಕೆ ಫಿಸಿಯೋಥೆರಪಿಯ ಹಸ್ಲೀನಾ ಆಸ್ಪತ್ರೆಯಿಂದ ತಾನೇ ಬಂದಳು. ಪೋಕ್ ಯಾ ಬಾಗಿಲಲ್ಲೇ ತಡೆದರು.

"ಇನ್ನೂ ಇಪ್ಪತ್ತೆಂಟು ದಿನ ಬಿಡಮ್ಮ. ಬಾಣಂತಿ ಇದ್ದ ಹಾಗೆ."

"ಹಾಗಾದ್ರೆ ಮಗು ಎಲ್ಲಿ ಪೋಕ್ ಯಾ? ಹೊಸ ಮಂಡೀನೇ ಅಲ್ವಾ ಮಗು? ಅದಕ್ಕೆ ನಡೆಯೋದು ಕಲಿಸೋದು ಬೇಡ್ವಾ?"

ಒಳಗಿನಿಂದ ಪಿಯಾ ನಕ್ಕಳು. ಪೋಕ್ ಯಾ ನಗಲಿಲ್ಲ. "ತುಂಬಾ ಅಳ್ತಾಳೆ. ಗಾಯ ಬಿಚ್ಚಿಕೊಂಡ್ರೆ?"

ಹಸ್ಲೀನಾ ಒಳಗೆ ಬಂದು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಮಂಡಿ ಮುಟ್ಟಿದಳು. "ಗಾಯ ಚೆನ್ನಾಗಿ ಒಣಗಿದೆ. ನನಗೆ ಭಯ ಈ ದಿಂಬಿಂದು." ದಿಂಬನ್ನು ಎಳೆದು ಬದಿಗಿಟ್ಟಳು. "ಕಾಲು ಚಾಚಿ ಮೆಕ್ ಪಿಯಾ. ಪೋಕ್ ಯಾ, ಮಂಡಿ ಕೆಳಗೆ ಕೈ ಇಡಿ."

ಇಟ್ಟರು. ಇಡೀ ಮುಷ್ಟಿ ಸಲೀಸಾಗಿ ಹೋಯಿತು. ಆಸ್ಪತ್ರೆಯಲ್ಲಿ ಅಲ್ಲಿ ಎರಡು ಬೆರಳು ತೂರಿಸುವುದೂ ಕಷ್ಟವಾಗಿತ್ತು. ಅವರ ಮುಖ ಬಾಡಿತು.

"ನಾನೇ ಮಾಡಿದ್ನಾ ಇದನ್ನ?"

"ಪ್ರೀತಿಯಿಂದ ಮಾಡಿದ್ರಿ. ಆದ್ರೆ ಮಡಚಿಕೊಂಡೇ ಇದ್ರೆ ಮಂಡಿ ಹಾಗೇ ಬಿಗಿದುಕೊಳ್ಳುತ್ತೆ. ಈಗ್ಲೂ ಸರಿಮಾಡ್ಬಹುದು, ತಡ ಮಾಡಿದ್ರೆ ಕಷ್ಟ."

"ನೋವು?"

"ಡಾಕ್ಟ್ರು ಹೇಳಿದ ನೋವಿನ ಮಾತ್ರೆ ತಗೊಂಡು ಅರ್ಧ ಗಂಟೆ ಬಿಟ್ಟು ಶುರು ಮಾಡಿ. ಸ್ವಲ್ಪ ನೋಯುತ್ತೆ, ಹೆದರ್ಬೇಡಿ. ಮೀನಖಂಡ ಊದಿದ್ರೆ, ಜ್ವರ ಬಂದ್ರೆ, ಗಾಯ ಸೋರಿದ್ರೆ, ಉಸಿರು ಕಟ್ಟಿದ್ರೆ ತಕ್ಷಣ ಆಸ್ಪತ್ರೆಗೆ ಬನ್ನಿ. ಈಗ ಮೆಕ್ ಪಿಯಾ, ಮಂಡಿಯಿಂದ ಅವರ ಕೈಯನ್ನ ಹಾಸಿಗೆಗೆ ಒತ್ತಿ, ಐದು ಎಣಿಸೋ ತನಕ."

ಅಂದು ಮಂಡಿ ಕೈಯನ್ನು ಬರೀ ಸೋಕಿತು. ಪಿಯಾ ಅತ್ತಳು. ಪೋಕ್ ಯಾ ಅವರ ಇನ್ನೊಂದು ಕೈ ದಿಂಬಿನ ಕಡೆ ಹೊರಟು, ಅರ್ಧದಲ್ಲೇ ತಿರುಗಿ, ಅವಳ ಕೈ ಹಿಡಿಯಿತು. ದಿನಕ್ಕೆ ಮೂರು ಸಲ, ಒಂದು ದಿನವೂ ಬಿಡದೆ ನಡೆಯಿತು. ಮಡಚುವುದು, ಚಾಚುವುದು, ಒತ್ತುವುದು. ಜಾಹ್ ಕೂಡ ಸಾರಿನ ಬಟ್ಟಲು ಕೆಳಗಿಟ್ಟು ಗಟ್ಟಿಯಾಗಿ ಎಣಿಸತೊಡಗಿದಳು.

ಹನ್ನೆರಡನೆಯ ದಿನ ಕೂಗಿದವರು ಪೋಕ್ ಯಾ. "ಅಯ್ಯೋ, ಬಿಡೇ! ಬೆರಳು ಜಜ್ಜಿಹೋಗುತ್ತೆ!"

"ಅಳ್ಬೇಡಿ," ಎಂದಳು ಪಿಯಾ. "ದಿಂಬು ಕೊಡ್ಲಾ?"

ಮುಂದಿನ ವಾರ ಅವಳು ಕೈಕಂಬಿ ಹಿಡಿದು ಏಳು ಮೆಟ್ಟಿಲೂ ಇಳಿದು ಒಲೆ ಹಚ್ಚಿದಳು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಮಂಡಿಯ ಕೀಲು ಬದಲಿಸಿದ್ದರೆ, ಈಗಲೇ ಎದ್ದು ಹೋಗಿ ಅವರ ಮಂಡಿಯ ಕೆಳಗೆ ಏನಿದೆ ನೋಡಿ. ದಿಂಬಿದ್ದರೆ ತೆಗೆಯಿರಿ. ಫಿಸಿಯೋಥೆರಪಿ ಕಲಿಸಿದವರು ಹೇಳಿದಷ್ಟು ದಿನ, ಹೇಳಿದ ಹಾಗೆ ವ್ಯಾಯಾಮ ಮಾಡಿಸಿ. ನಿಮ್ಮವರು ಅತ್ತರೆ ಕೈ ಹಿಡಿದುಕೊಳ್ಳಿ, ಆದರೆ ಎಣಿಸುವುದನ್ನು ನಿಲ್ಲಿಸಬೇಡಿ.