ದೇಯಿಯಕ್ಕನ ಮುಖವಿಲ್ಲದ ಕ್ಯಾಸೆಟ್

ಮನೆಯಲ್ಲಿ ವಿಡಿಯೋ ಉಂಟು ಎಂದಾದರೆ ಕರೆಯದಿದ್ದರೂ ನೆಂಟರು ಬರುತ್ತಾರೆ. ನಿಮ್ಮ ಓಣಿಯಲ್ಲೂ ಅಂಥ ಮನೆ ಇರಬಹುದು. ಕುದ್ರೋಳಿಯ ಒಂದು ಓಣಿಯಲ್ಲಿ ಅದು ಜಯನ ಮನೆ. ಮಸ್ಕತ್‌ನಲ್ಲಿ ಕೆಲಸ ಮಾಡುವ ಜಯ ಈ ಸಲ ರಜೆಗೆ ಬರುವಾಗ ವಿಡಿಯೋ ಪ್ಲೇಯರ್ ತಂದ. ಅಂದಿನಿಂದ ಬಂದವರಿಗೆಲ್ಲ ಚಹಾ ಮಾಡಿ ಮಾಡಿ ಅವನ ಹೆಂಡತಿ ಚಂಪಾಳ ಕೈ ಸೋತಿತು.

ಆದರೆ ಜಯನ ಅಮ್ಮ ದೇಯಿಗೆ ಬೇಕಾದದ್ದು ಒಂದೇ ಸಿನೆಮಾ. ಎರಡು ವರ್ಷದ ಹಿಂದೆ ಬೆಂಗರೆಯ ಕಡೆ ಕನ್ನಡ ಸಿನೆಮಾದವರು ಶೂಟಿಂಗಿಗೆ ಬಂದಿದ್ದರು. ನೋಡಲು ಹೋದ ದೇಯಿಯನ್ನೇ ಹಿಡಿದು ನಿಲ್ಲಿಸಿ ಒಂದು ದೃಶ್ಯ ತೆಗೆದರು. ಅದೇ ಸಿನೆಮಾದ ಕಟ್ಟಕಡೆಯ ದೃಶ್ಯ. ಮನೆ ಬಿಟ್ಟು ಹೊರಟ ಮಗನನ್ನು ತಾಯಿ ಬಾಗಿಲಿಗೆ ಬಂದು ಕರೆಯಬೇಕು. ಮಾತು ಇಷ್ಟೇ: “ಉಂಡು ಹೋಗು ಮಗಾ.”

ಆ ಸಿನೆಮಾ ಮಂಗಳೂರಿನ ಯಾವ ಟಾಕೀಸಿಗೂ ಬರಲಿಲ್ಲ. ದೇಯಿ ಮಾತ್ರ ಜಗಲಿಯಲ್ಲಿ ಬೀಡಿ ಕಟ್ಟುತ್ತಾ ಓಣಿಯವರಿಗೆಲ್ಲ ಆ ಕಥೆ ಹೇಳಿದ್ದೇ ಹೇಳಿದ್ದು. ಪಕ್ಕದ ಮನೆಯ ವಿನೋದಾ ತಲೆಯಾಡಿಸುತ್ತಿದ್ದಳು, ಆದರೆ ನಂಬುತ್ತಿರಲಿಲ್ಲ. ಅಷ್ಟರಲ್ಲಿ ಆ ಸಿನೆಮಾ ರಾಷ್ಟ್ರಪ್ರಶಸ್ತಿಯ ಕೊನೆಯ ಸುತ್ತಿಗೆ ಆಯ್ಕೆಯಾಗಿದೆ ಎಂದು ಪೇಪರಿನಲ್ಲಿ ಬಂತು. ಜಯನಿಗೂ ಹುರುಪು ಬಂತು. ಪಂಪ್‌ವೆಲ್ ಕಡೆಯ ಒಂದು ಅಂಗಡಿಯಿಂದ ಅದರ ಕ್ಯಾಸೆಟ್ ಬಾಡಿಗೆಗೆ ತಂದ. ದೇಯಿ ಒಳ್ಳೆಯ ಸೀರೆ ಉಟ್ಟು, ಮಲ್ಲಿಗೆ ಮುಡಿದು ಎಲ್ಲರ ಎದುರು ಕುಳಿತಳು.

ಎದುರು ಮನೆಯ ಮಟಿಲ್ಡಾ ಟೀಚರ್ ಕ್ಯಾಸೆಟನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಚಿಕ್ಕಂದಿನಲ್ಲಿ ಜಯನಿಗೆ ಪಾಠ ಹೇಳಿದವರು ಅವರು.

“ಇದರಲ್ಲಿ ಮಾಡಿದವರ ಹೆಸರೇ ಇಲ್ಲ ಅಲ್ವಾ ಜಯ? ಪೆನ್ನಲ್ಲಿ ಬರೆದದ್ದು ಮಾತ್ರ ಉಂಟು. ಕದ್ದು ಕಾಪಿ ಮಾಡಿದ್ದಾ?”

“ನಾವು ಹೆಸರು ನೋಡ್ಲಿಕ್ಕೆ ಕೂತದ್ದಾ ಟೀಚರ್, ಸಿನೆಮಾ ನೋಡ್ಲಿಕ್ಕಾ?” ಎಂದ ಜಯ. ಎಲ್ಲರೂ ನಕ್ಕರು.

ಸಿನೆಮಾ ಮಬ್ಬು ಮಬ್ಬಾಗಿ ಓಡಿತು. ಕೊನೆಗೆ ಮಗ ಚೀಲ ಹೆಗಲಿಗೇರಿಸಿ ಅಂಗಳಕ್ಕೆ ಇಳಿದ. “ಈಗ ನಾನು ಬರ್ತೇನೆ, ನೋಡಿ” ಎಂದಳು ದೇಯಿ. ಟಿವಿಯಲ್ಲಿ ಗೆರೆಗಳು ಕುಣಿದವು. ಮರುಕ್ಷಣ ಯಾವುದೋ ಹಿಂದಿ ಸಿನೆಮಾದ ಹೊಡೆದಾಟ ಶುರುವಾಯಿತು.

“ದೇಯಿಯಕ್ಕಾ, ಇದರಲ್ಲಿ ನೀವು ಯಾರು? ಪೆಟ್ಟು ಕೊಡುವವರಾ, ತಿನ್ನುವವರಾ?” ಎಂದಳು ವಿನೋದಾ.

ಮನೆಯೇ ಹಾರಿಹೋಗುವ ಹಾಗೆ ನಗು. ದೇಯಿಯೂ ಸ್ವಲ್ಪ ನಕ್ಕಳು. ಆಮೇಲೆ ಮುಡಿಯ ಮಲ್ಲಿಗೆ ತೆಗೆದು ಮುಷ್ಟಿಯಲ್ಲಿ ಹಿಡಿದು ಒಳಗೆ ಹೋದಳು. ಜಯನಿಗೆ ತಲೆ ಎತ್ತಲಾಗಲಿಲ್ಲ.

ಮರುದಿನದಿಂದ ದೇಯಿ ಜಗಲಿಯಲ್ಲಿ ಕೂರಲಿಲ್ಲ. ಬೀಡಿಯ ಮೊರ ಹಿಡಿದು ಹಿತ್ತಲಿಗೆ ಹೋದಳು. ಅಂಗಡಿಗೆ ಹೋಗಬೇಕಾದರೂ ವಿನೋದಾಳ ಗೇಟು ತಪ್ಪಿಸಿ ಸುತ್ತು ಬಳಸಿ ಹೋಗುತ್ತಿದ್ದಳು.

“ಒಂದು ಸಿನೆಮಾ ತಾನೆ ಅಮ್ಮ!” ಎಂದ ಜಯ.

“ನಿನಗೆ ಅದು ಸಿನೆಮಾ ಮಗಾ. ನನಗೆ ಅದು ನನ್ನ ಮಾತು. ಈ ಪ್ರಾಯದಲ್ಲಿ ಸುಳ್ಳು ಹೇಳುವವಳು ಅಂತ ಆಯ್ತಲ್ಲ, ನಾನು ಮುಖ ಎಲ್ಲಿ ಇಡ್ಲಿ?”

ಜಯ ನೇರ ಅಂಗಡಿಗೆ ಹೋಗಿ ಜೋರು ಮಾಡಿದ. ಅಂಗಡಿಯವ ಬೆಚ್ಚಲಿಲ್ಲ, ಬೆದರಲಿಲ್ಲ.

“ಒಂದೇ ಟೇಪಿನಲ್ಲಿ ಎರಡು ಸಿನೆಮಾ ಹಿಡಿಸ್ಬೇಕಾದ್ರೆ ಬಾಲ ಕತ್ತರಿಸ್ಲೇಬೇಕಲ್ಲ ಮಾರಾಯ್ರೆ! ಇಷ್ಟರವರೆಗೆ ಯಾರೂ ಕೇಳ್ಲಿಲ್ಲ.”

ಆ ಬಾಲ ನನ್ನ ಅಮ್ಮ ಎಂದು ಹೇಳಲು ಜಯನಿಗೆ ಬಾಯಿ ಬರಲಿಲ್ಲ. ಕದ್ದದ್ದೆಂದು ಗೊತ್ತಿದ್ದೂ ತಂದವನು ಅವನೇ ಅಲ್ಲವೇ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇಲ್ಲಿ ಹೋದದ್ದು ತನ್ನ ಮಾನವೂ ಅಲ್ಲ, ಅಮ್ಮನದು. ನಾಚಿಕೆಯನ್ನು ನುಂಗಿಕೊಂಡು ಅವನು ಟೀಚರ್ ಮನೆಯ ಮೆಟ್ಟಿಲು ಹತ್ತಿದ.

“ಇಂಥ ಸಿನೆಮಾ ಸರಿಯಾದ ದಾರಿಯಲ್ಲಿ ಎಲ್ಲಿ ಸಿಗ್ತದೆ ಟೀಚರ್? ಸಿಗದೆ ಅಲ್ವಾ ಜನ ಕದ್ದದ್ದು ನೋಡುದು?”

“ನೀನು ಹುಡುಕಿದ್ದೀಯಾ?”

ಜಯ ತಲೆ ಕೆರೆದುಕೊಂಡ. ಟೀಚರೇ ಮುಂದುವರಿಸಿದರು.

“ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ಎಂತ ಬರ್ತದೆ ಗೊತ್ತುಂಟಾ?”

“ಮೀನು ಸಾರು ಉಂಡು ಮಲಗುವ ಹೊತ್ತಲ್ವಾ ಟೀಚರ್.”

“ಅದೇ ಹೊತ್ತಿಗೆ ದೂರದರ್ಶನದವರು ಪ್ರಶಸ್ತಿಯಲ್ಲಿ ಹೆಸರು ಮಾಡಿದ ಸಿನೆಮಾ ಹಾಕ್ತಾರೆ, ಒಂದೊಂದು ವಾರ ಒಂದೊಂದು ಭಾಷೆಯದ್ದು. ಕೂತು ನೋಡ್ಲಿಕ್ಕೆ ಯಾರ ಅಪ್ಪಣೆಯೂ ಬೇಡ. ಯಾವ ಸಿನೆಮಾ ಅಂತ ಪೇಪರಲ್ಲೇ ಇರ್ತದೆ. ಅಲ್ಲಿ ಬರ್ಲಿಲ್ಲ ಅಂತಾದ್ರೆ ಸಿನೆಮಾ ಮಾಡಿದವರಿಗೇ ಒಂದು ಕಾರ್ಡು ಹಾಕು. ಕ್ಯಾಸೆಟಿನ ಹಕ್ಕು ಯಾರಿಗೆ ಕೊಟ್ಟಿದ್ದಾರೆ ಅಂತ ಅವರು ತಿಳಿಸ್ತಾರೆ.”

“ಅದೂ ಕಳ್ಳ ಕ್ಯಾಸೆಟ್ ಅಲ್ಲ ಅಂತ ಹೇಗೆ ತಿಳಿಯುದು?”

“ಪೆಟ್ಟಿಗೆ ತಿರುಗಿಸಿ ನೋಡು. ಕ್ಯಾಸೆಟ್ ಮಾಡಿದವರ ಹೆಸರು, ವಿಳಾಸ ಇರ್ಬೇಕು. ಸಿನೆಮಾದ ಹಕ್ಕು ಯಾರದ್ದು ಅಂತ ಬರೆದಿರ್ಬೇಕು. ಹಾಕಿದ ಕೂಡ್ಲೇ ಟಾಕೀಸಿನ ಹಾಗೆ ಸೆನ್ಸಾರ್ ಸರ್ಟಿಫಿಕೇಟ್ ಕಾಣ್ಬೇಕು. ಕಾನೂನೇ ಹಾಗುಂಟು. ಒಳ್ಳೆ ಕೆಲಸ ಮಾಡಿದವನು ಹೆಸರು ಅಡಗಿಸ್ತಾನಾ ಜಯ?”

ಆ ದಿನ ಕ್ಯಾಸೆಟ್ ತಿರುಗಿಸಿ ತೋರಿಸಿದ್ದು ಇವರೇ, ತಮಾಷೆ ಮಾಡಿ ನಗಿಸಿದ್ದು ತಾನೇ ಎಂಬುದು ಜಯನಿಗೆ ನೆನಪಾಯಿತು. ಟೀಚರ್ ಅದನ್ನು ಎತ್ತಲಿಲ್ಲ. ಹಾಗಾಗಿ ನಾಚಿಕೆ ಇನ್ನೂ ಹೆಚ್ಚಾಯಿತು.

ಪೇಪರಿನ ಭಾನುವಾರದ ಪಟ್ಟಿಯಲ್ಲಿ ಆ ಸಿನೆಮಾ ಕಾಣಲಿಲ್ಲ. ಕಾರ್ಡು ಹೋಯಿತು, ಉತ್ತರ ಬಂತು. ಅದರಲ್ಲಿದ್ದ ಬೆಂಗಳೂರಿನ ವಿಳಾಸಕ್ಕೆ ಬರೆದ ಮೇಲೆ ಕ್ಯಾಸೆಟ್ ಅಂಚೆಯಲ್ಲಿ ಬಂತು. ಹೆಸರು, ವಿಳಾಸ, ಹಕ್ಕು ಎಲ್ಲ ಅಚ್ಚಾಗಿತ್ತು. ಜಯ ಒಬ್ಬನೇ ಕುಳಿತು ನೋಡಲಿಲ್ಲ. ಓಣಿಯ ಮನೆಮನೆಗೆ ಹೋದ. ವಿನೋದಾಳ ಗೇಟಿನಲ್ಲಿ ನಿಂತಾಗ ಅವನ ಕಿವಿ ಕೆಂಪಾಗಿತ್ತು.

“ಅಮ್ಮ ಸುಳ್ಳು ಹೇಳ್ಲಿಲ್ಲ ವಿನೋದಕ್ಕ. ಕದ್ದ ಕ್ಯಾಸೆಟ್ ತಂದದ್ದು ನಾನು. ಇವತ್ತು ಸರಿಯಾದದ್ದು ಉಂಟು, ಬನ್ನಿ.”

ಎಲ್ಲರೂ ಬಂದರು. ದೇಯಿ ಮಾತ್ರ ಬರಲಿಲ್ಲ. “ಒಂದು ಸಲ ಕೂತದ್ದು ಸಾಕು” ಎಂದು ಅಡುಗೆಮನೆಯಲ್ಲೇ ಉಳಿದಳು. ಚಂಪಾ ಕೈಹಿಡಿದು ಎಳೆದರೂ ಏಳಲಿಲ್ಲ.

ಈ ಸಲ ಚಿತ್ರ ನಿಚ್ಚಳವಾಗಿತ್ತು. ಮಗ ಚೀಲ ಹೆಗಲಿಗೇರಿಸಿ ಅಂಗಳಕ್ಕೆ ಇಳಿಯುವಾಗ ಜಯ ಹೆದರಿ ತಲೆ ತಗ್ಗಿಸಿದ. ಮತ್ತೆ ಗೆರೆ ಕುಣಿದರೆ?

“ಉಂಡು ಹೋಗು ಮಗಾ.”

“ಬಂದೆ ಅಮ್ಮ!” ಎಂದು ಜಯ ಎದ್ದೇಬಿಟ್ಟ.

ಯಾರೂ ನಗಲಿಲ್ಲ. ಟಿವಿಯೊಳಗಿನ ಮನೆಯ ಬಾಗಿಲಲ್ಲಿ ದೇಯಿ ನಿಂತಿದ್ದಳು. ಅಡುಗೆಮನೆಯ ಬಾಗಿಲಲ್ಲೂ ದೇಯಿ ನಿಂತಿದ್ದಳು, ಕೈಯಲ್ಲಿ ಸೌಟು.

“ಕರೆದದ್ದು ನಾನಲ್ಲ ಮಗಾ, ಅವಳು” ಎಂದಳು ಮೆಲ್ಲಗೆ.

ಜಯನ ಕಣ್ಣು ತುಂಬಿತು. ವಿನೋದಾ ಎದ್ದು ತಾನು ಕುಳಿತಿದ್ದ ಕುರ್ಚಿಯನ್ನು ದೇಯಿಯತ್ತ ಸರಿಸಿದಳು. “ಇಲ್ಲಿ ಕೂತ್ಕೊಳ್ಳಿ ದೇಯಿಯಕ್ಕ. ನನ್ನದು ತಪ್ಪಾಯ್ತು. ಇನ್ನೊಂದು ಸಲ ಹಾಕು ಜಯ.”

ಇದನ್ನು ಓದಿದವರೇ, ಓದಿಸಿ ಕೇಳಿದವರೇ, ನಿಮ್ಮ ಮನೆಯ ಕ್ಯಾಸೆಟ್ ಪೆಟ್ಟಿಗೆಯನ್ನು ಇವತ್ತೇ ಒಮ್ಮೆ ತಿರುಗಿಸಿ ನೋಡಿ. ಹೆಸರು, ವಿಳಾಸ ಇಲ್ಲದಿದ್ದರೆ ಬಾಡಿಗೆಗೆ ತರಬೇಡಿ, ಕೊಂಡು ತರಬೇಡಿ. ಭಾನುವಾರ ಮಧ್ಯಾಹ್ನದ ನಿದ್ದೆಯನ್ನು ಸ್ವಲ್ಪ ಮುಂದೆ ಹಾಕಿ. ಒಳ್ಳೆಯ ಸಿನೆಮಾ ಬೇಕಾದರೆ ಕೇಳಿ, ಬರೆಯಿರಿ, ಸರಿಯಾದ ದಾರಿಯಲ್ಲಿ ತರಿಸಿ. ಕತ್ತರಿ ಹಾಕಿದವನಿಗೆ ಅದು ಬರೀ ಬಾಲ. ಯಾವುದೋ ಓಣಿಯಲ್ಲಿ ಅದು ಯಾರದೋ ಅಮ್ಮ.